ಹಾವಸೆಯೂ ಅಳಿಲೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಜಯನಗರ ೧೯೪೮ರಲ್ಲಿ ಹುಟ್ಟಿದ ಬಡಾವಣೆ. ಅಲ್ಲಿ ಮೊದಲ ತಲೆಮಾರಿನವರು ಕಟ್ಟಿಸಿದ ಮನೆಗಳು ಈಗ ವಿರಳವಾಗಿವೆ. ಆದರೂ ಒಳರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಅಂಥ ಮನೆಗೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ. ಗೋಡೆಯ ಒಳಗೆ ಒಂದು ತೆಂಗು, ಒಂದು ಮಾವು, ಮೂಲೆಯಲ್ಲಿ ಪಾರಿಜಾತ. ಮುಂಗಾರು ಹಿಡಿದ ಮೇಲೆ ಆ ಗೋಡೆಯ ತಲೆಯೂ ಬಿಸಿಲು ತಾಕದ ಮಗ್ಗುಲೂ ಹಸುರಾಗುತ್ತವೆ. ಬೆರಳಿಟ್ಟರೆ ಮಖಮಲ್ಲಿನಂತೆ ಮೆತ್ತಗಿರುವ ಈ ಹಸುರೇ ಹಾವಸೆ. ಬೆಳಗಿನಿಂದ ಬೈಗಿನವರೆಗೆ ಅದನ್ನು ತುಳಿಯುತ್ತ, ನಡುನಡುವೆ ನಿಂತು ಬಾಲ ಕುಣಿಸಿ ಕೂಗುತ್ತ ಓಡಾಡುವ ಪ್ರಾಣಿ ಅಳಿಲು.

ಒಂದೇ ಗೋಡೆಯನ್ನು ಹಂಚಿಕೊಂಡಿರುವ ಈ ಎರಡು ಜೀವಗಳನ್ನು ಒಟ್ಟಿಗೆ ಇಟ್ಟು ನೋಡುವವರು ಕಡಮೆ. ಅಳಿಲಿಗೆಂದು ಒಂದು ಹಿಡಿ ಅಕ್ಕಿಕಾಳನ್ನು ಚೆಲ್ಲುವ ಮನೆಯವರೇ ದೀಪಾವಳಿಗೆ ಮುಂಚೆ ಹಾವಸೆಯ ಮೇಲೆ ಬ್ಲೀಚಿಂಗ್ ಪುಡಿ ಎರಚಿ, ತಂತಿಯ ಬ್ರಷ್ಷಿನಿಂದ ಕೆರೆದು, ಸುಣ್ಣಬಣ್ಣ ಬಳಿಸುತ್ತಾರೆ. ಒಂದು ಮುದ್ದಿನ ಪ್ರಾಣಿ, ಮತ್ತೊಂದು ಗೋಡೆಯ ಕೊಳೆ. ಈ ಎರಡು ತೀರ್ಪುಗಳನ್ನೂ ಕಣ್ಣು ಕೊಟ್ಟಿದೆಯೇ ಹೊರತು ವಿಚಾರ ಕೊಟ್ಟದ್ದಲ್ಲ. ಶಾಸ್ತ್ರವು ಇವುಗಳನ್ನು ಎಲ್ಲಿ ಇರಿಸಿದೆ, ಇವುಗಳ ಉಳಿವಿನ ಬಗೆಗೆ ಪಂಡಿತರು ಏನು ಹೇಳಿದ್ದಾರೆ, ಅವರು ಹೇಳಿದ್ದನ್ನು ಜನ ಹೇಗೆ ತಪ್ಪಾಗಿ ಓದಿಕೊಳ್ಳುತ್ತಾರೆ ಎಂಬುದು ಸ್ವಲ್ಪ ನಿಧಾನವಾಗಿ ನೋಡತಕ್ಕ ಸಂಗತಿ.

ಹೆಸರುಗಳಿಂದಲೇ ಮೊದಲುಮಾಡಬಹುದು. ಆಡುಮಾತಿನಲ್ಲಿ ಹಸುರಾಗಿ ಜಾರುವುದೆಲ್ಲವೂ ಪಾಚಿಯೇ. ಕೆರೆಯ ನೀರಿನ ಮೇಲೆ ತೇಲುವ ಎಳೆ, ಬಚ್ಚಲ ಕಲ್ಲಿನ ಲೋಳೆ, ಗೋಡೆಯ ಮಖಮಲ್ಲು ಮೂರಕ್ಕೂ ಒಂದೇ ಮಾತು. ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮೊದಲ ಎರಡು ಶೈವಲಗಳು. ಅವಕ್ಕೆ ಕಾಂಡವೆಂಬುದಿಲ್ಲ, ಎಲೆಯೆಂಬುದಿಲ್ಲ. ಗೋಡೆಯ ಹಾವಸೆಯನ್ನು ಒಂದು ಚಿಟಿಕೆ ಕಿತ್ತು ಮಸೂರದ ಕೆಳಗೆ ಇಟ್ಟರೆ ಅದು ಲೋಳೆಯಲ್ಲ, ನೂರಾರು ಪುಟ್ಟ ಗಿಡಗಳ ತೋಪು ಎಂಬುದು ಕಾಣುತ್ತದೆ. ಒಂದೊಂದು ಗಿಡಕ್ಕೂ ಕಾಂಡದಂಥ ದಂಟು, ಸುತ್ತ ಒತ್ತಾಗಿ ಎಲೆಗಳು, ಬುಡದಲ್ಲಿ ಬೇರಿನ ಕೆಲಸವನ್ನು ಅರೆಬರೆ ಮಾಡುವ ಕೂದಲೆಳೆಗಳು. ಇನ್ನು ಅಡಿಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಹೂವೂ ಅಲ್ಲ, ಹಾವಸೆಯೂ ಅಲ್ಲ. ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಒಂದು ಒಕ್ಕಲು. ನರ್ಸರಿಗಳಲ್ಲಿ ತೂಗುಹಾಕಿ ಮಾರುವ ಬೂದುಬಣ್ಣದ ಸ್ಪ್ಯಾನಿಷ್ ಮಾಸ್ ಹೆಸರಿಗೆ ಮಾತ್ರ ಹಾವಸೆ. ಅದು ಹೂ ಬಿಡುವ ಸಸ್ಯ, ಅನಾನಸಿನ ಬಂಧು. ಕಣ್ಣು ಒಂದೇ ರಾಶಿಯಾಗಿ ಕಂಡುದನ್ನು ಶಾಸ್ತ್ರವು ನಾಲ್ಕು ಕಡೆಗೆ ಹಂಚುತ್ತದೆ.

ಅಳಿಲಿನ ವಿಷಯದಲ್ಲಿ ಇದಕ್ಕೆ ವಿರುದ್ಧವಾದುದು ನಡೆದಿದೆ. ಕಣ್ಣು ಬೇರೆಬೇರೆ ಎಂದು ತಿಳಿದುದನ್ನು ಶಾಸ್ತ್ರ ಒಂದುಗೂಡಿಸುತ್ತದೆ. ಅಳಿಲು, ಇಲಿ, ಹೆಗ್ಗಣ, ಮುಳ್ಳುಹಂದಿ ಈ ನಾಲ್ಕೂ ದಂಶಕ ಗಣಕ್ಕೆ ಸೇರಿದುವು. ಮುಳ್ಳುಹಂದಿಯ ಹೆಸರಿನಲ್ಲಿ ಹಂದಿಯಿದೆ, ಪ್ರಾಣಿ ಹಂದಿಯಲ್ಲ. ಮೂಗಿಲಿಯ ಹೆಸರಿನಲ್ಲಿ ಇಲಿಯಿದೆ. ಅದು ಹುಳುಹುಪ್ಪಟೆ ತಿನ್ನುವ ಬೇರೆಯೇ ಗಣದ ಪ್ರಾಣಿ, ದಂಶಕವಲ್ಲ. ಹಾಗಾದರೆ ದಂಶಕವನ್ನು ಗುರುತಿಸುವುದು ಯಾವುದರಿಂದ? ಹಲ್ಲಿನಿಂದ. ಮೇಲಿನ ದವಡೆಯಲ್ಲಿ ಒಂದು ಜೊತೆ, ಕೆಳಗಿನದರಲ್ಲಿ ಒಂದು ಜೊತೆ ಬಾಚಿಹಲ್ಲುಗಳು. ಅವು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಭಾಗದಲ್ಲಿ ಮಾತ್ರ ಗಟ್ಟಿಯಾದ ಕವಚವಿರುವುದರಿಂದ ಹಿಂಭಾಗ ಬೇಗ ಸವೆದು, ಹಲ್ಲು ಉಳಿಯ ಬಾಯಿಯಂತೆ ತಾನಾಗಿ ಹರಿತವಾಗುತ್ತದೆ. ಕಡಿಯುವುದು ಅಳಿಲಿನ ತುಂಟತನವಲ್ಲ. ಕಡಿಯದಿದ್ದರೆ ಅದರ ಹಲ್ಲು ಬಾಯಿಗೆ ಮೀರಿ ಬೆಳೆಯುತ್ತದೆ. ಬಲಿಯದ ತೆಂಗಿನಕಾಯಿಗೆ ತೂತು ಬಿದ್ದುದನ್ನು ಕಂಡು ಶಪಿಸುವ ಮನೆಯ ಯಜಮಾನರಿಗೆ ಈ ಮಾತಿನಿಂದ ಸಮಾಧಾನವಾಗದು. ಆದರೂ ಕಾರಣ ತಿಳಿದಿದ್ದರೆ ಒಳ್ಳೆಯದು. ಜಗತ್ತಿನ ಸಸ್ತನಿಗಳ ಪ್ರಭೇದಗಳಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಈ ದಂಶಕ ಗಣದವೇ ಎಂಬುದನ್ನು ನೆನೆದರೆ, ಆ ಹಲ್ಲಿನ ಮಹತ್ತ್ವ ಗೊತ್ತಾಗುತ್ತದೆ.

ಹಾವಸೆಗಳಲ್ಲಿ ಸುಮಾರು ೧೨,೦೦೦ ಪ್ರಭೇದಗಳುಂಟು. ಗೋಡೆಗಳ ಮೇಲೆ ಬೆಳೆಯತಕ್ಕವೇ ಹಲವಿವೆ. ಅವುಗಳಲ್ಲಿ ಪಾಠಶಾಲೆಗಳಿಗೆ ಹೆಚ್ಚು ಪರಿಚಿತವಾದುದು ಫ್ಯುನೇರಿಯ ಹೈಗ್ರೊಮೆಟ್ರಿಕ. ಒದ್ದೆಯಾದ ಮಣ್ಣು, ಹಳೆಯ ಗೋಡೆ, ಬೆಂಕಿ ಉರಿದು ಆರಿದ ನೆಲ ಇವು ಅದರ ನೆಲೆಗಳು. ಅದು ಸಸ್ಯ ಸಾಮ್ರಾಜ್ಯದ ಹಾವಸೆ ವಿಭಾಗಕ್ಕೆ ಸೇರಿದ್ದು. ಬೆಂಗಳೂರಿನ ಅಳಿಲಿನ ಹೆಸರು ಫ್ಯುನಾಂಬ್ಯುಲಸ್ ಪಾಮೇರಮ್; ಅದು ಪ್ರಾಣಿ ಸಾಮ್ರಾಜ್ಯ, ಸಸ್ತನಿ ವರ್ಗ, ದಂಶಕ ಗಣ, ಅಳಿಲಿನ ಕುಟುಂಬ ಎಂದು ಮೆಟ್ಟಿಲಿಳಿದು ಬರುತ್ತದೆ. ಎರಡೂ ಏಣಿಗಳು ಕೂಡುವುದು ತೀರ ಮೇಲೆ, ಸಾಮ್ರಾಜ್ಯಗಳಿಗೂ ಆಚೆ. ಸಸ್ಯಗಳು ನೆಲವನ್ನು ಹತ್ತಿದ್ದು ನಲವತ್ತು ಕೋಟಿ ವರ್ಷಗಳಿಗೂ ಹಿಂದೆ. ಹಾವಸೆಗಳ ಪೂರ್ವಜರು ಆ ಮೊದಲ ಸಾಲಿನವು. ದಂಶಕಗಳು ಕಾಣಿಸಿಕೊಂಡುದು ಅದಕ್ಕೆ ಎಷ್ಟೋ ಕಾಲದ ಮೇಲೆ, ದೈತ್ಯ ಹಲ್ಲಿಗಳ ಯುಗ ಮುಗಿದ ಅನಂತರ.

ಇಷ್ಟು ದೂರದ ಎರಡು ಜೀವಗಳ ಹೆಸರುಗಳಲ್ಲಿ ಒಂದು ಸೋಜಿಗ ಅಡಗಿದೆ. ಎರಡೂ ಹೆಸರುಗಳು ಒಂದೇ ಲ್ಯಾಟಿನ್ ಪದದಿಂದ ಹುಟ್ಟಿದುವು. ಆ ಪದ ‘ಫ್ಯೂನಿಸ್’, ಅಂದರೆ ಹಗ್ಗ. ಫ್ಯುನಾಂಬ್ಯುಲಸ್ ಎಂದರೆ ಹಗ್ಗದ ಮೇಲೆ ನಡೆಯುವವನು, ಡೊಂಬರಾಟದವನು. ಪಾಮೇರಮ್ ಎಂದರೆ ತಾಳೆಯ ಜಾತಿಯ ಮರಗಳಿಗೆ ಸೇರಿದ್ದು. ಸ್ವೀಡನ್ ದೇಶದ ಲಿನೇಯಸ್ ೧೭೬೬ರಲ್ಲಿ ಈ ಪ್ರಭೇದವನ್ನು ಹೆಸರಿಸಿದನು. ಡೊಂಬರಾಟದ ಜಾತಿನಾಮವನ್ನು ೧೮೩೫ರಲ್ಲಿ ಕೊಟ್ಟವನು ಫ್ರಾನ್ಸಿನ ಲೆಸೋನ್. ಇಂದು ವಿದ್ಯುತ್ತಿನ ತಂತಿ, ಟೆಲಿವಿಷನ್ನಿನ ಕೇಬಲ್ಲು ಇವುಗಳ ಮೇಲೆ ರಸ್ತೆ ದಾಟುವ ಜಯನಗರದ ಅಳಿಲನ್ನು ನೋಡಿದವರು ಆ ಹೆಸರನ್ನು ತೂಕಮಾಡಿ ನೋಡಬೇಕಾದುದೇ ಇಲ್ಲ. ಹಾವಸೆಯ ಹಗ್ಗ ಬೇರೆಯದು. ಫ್ಯುನೇರಿಯ ಗಿಡದ ತಲೆಯಿಂದ ದಾರದಂಥ ಒಂದು ಕಡ್ಡಿ ಮೇಲೇಳುತ್ತದೆ. ಅದರ ತುದಿಯಲ್ಲಿ ಬಾಗಿದ ಒಂದು ಪುಟ್ಟ ಕೋಶ. ಕಡ್ಡಿ ಒಣಗಿದಾಗ ಹಗ್ಗದಂತೆ ಹುರಿಗೊಳ್ಳುತ್ತದೆ. ತೇವ ತಾಕಿದೊಡನೆ ಹುರಿ ಬಿಚ್ಚಿ ಸುತ್ತುತ್ತದೆ. ಹೈಗ್ರೊಮೆಟ್ರಿಕ ಎಂದರೆ ತೇವವನ್ನು ಅಳೆಯುವುದು. ಆ ಕೋಶದ ಬಾಯಿಗೆ ಒಂದರೊಳಗೊಂದಾಗಿ ಎರಡು ಸುತ್ತು ಹಲ್ಲುಗಳು, ಸುತ್ತಿಗೆ ಹದಿನಾರರಂತೆ. ತೇವದಲ್ಲಿ ಬಾಯಿ ಮುಚ್ಚಿ, ಒಣಹವೆಯಲ್ಲಿ ತೆರೆದು, ಒಳಗಿನ ಬೀಜಕಣಗಳನ್ನು ಗಾಳಿಗೆ ಕೊಡುತ್ತವೆ. ಅಳಿಲಿನ ನಾಲ್ಕು ಬಾಚಿಹಲ್ಲುಗಳ ಎದುರಿಗೆ ಹಾವಸೆಯ ಮೂವತ್ತೆರಡು ಹಲ್ಲುಗಳು! ಗೋಡೆಯ ಕೊಳೆಯೆಂದು ಕೆರೆದು ಹಾಕುವವರು ಈ ಯಂತ್ರವನ್ನೊಮ್ಮೆ ನೋಡಿದ್ದರೆ ಬ್ರಷ್ಷನ್ನು ಕೆಳಗಿಡುತ್ತಿದ್ದರೋ ಏನೋ.

ಹಾವಸೆಗಳ ನಾಮಕರಣಕ್ಕೆ ಲಿನೇಯಸನಲ್ಲ, ಜರ್ಮನಿಯ ಲೈಪ್ಸಿಗ್ ನಗರದಲ್ಲಿ ವೈದ್ಯನಾಗಿದ್ದ ಹೆಡ್ವಿಗ್ ಆಧಾರ. ಲಿನೇಯಸ್ ಹೂ ಕಾಣದ ಸಸ್ಯಗಳನ್ನೆಲ್ಲ ‘ಗುಪ್ತವಿವಾಹದವು’ ಎಂಬರ್ಥದ ಒಂದು ಗುಂಪಿಗೆ ನೂಕಿ ಕೈ ತೊಳೆದುಕೊಂಡಿದ್ದನು. ಹೆಡ್ವಿಗ್ ಸೂಕ್ಷ್ಮದರ್ಶಕವನ್ನು ಹಿಡಿದು ಆ ಗುಟ್ಟನ್ನು ಬಿಡಿಸಿದನು. ಅವನು ತೀರಿಕೊಂಡ ಮೇಲೆ ೧೮೦೧ರಲ್ಲಿ ಪ್ರಕಟವಾದ ಅವನ ಗ್ರಂಥದಿಂದಲೇ ಹೆಚ್ಚಿನ ಹಾವಸೆಗಳ ಅಧಿಕೃತ ಹೆಸರುಗಳನ್ನು ಎಣಿಸುತ್ತಾರೆ. ಭಾರತದಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಲಾಹೋರಿನಲ್ಲಿ ಅಧ್ಯಾಪಕರಾಗಿದ್ದ ಶಿವರಾಮ ಕಶ್ಯಪರು. ಅಳಿಲನ್ನು ಬಲ್ಲವರು ಕೋಟಿ ಜನ. ಹಾವಸೆಯ ಪ್ರಭೇದವನ್ನು ನೋಡಿ ಹೆಸರು ಹೇಳಬಲ್ಲವರು ಇಡೀ ದೇಶದಲ್ಲಿ ಬೆರಳೆಣಿಕೆಯವರು. ಮುಂದೆ ಬರುವ ವಾದಕ್ಕೆ ಈ ಸಂಗತಿ ಮುಖ್ಯವಾದುದು.

ಅಳಿಲಿಗೆ ಜನರ ಪ್ರೀತಿ ದೊರೆತುದು ಶಾಸ್ತ್ರದಿಂದಲ್ಲ, ಕತೆಯಿಂದ. ಸೇತುವೆ ಕಟ್ಟುವಾಗ ಮೈಗೆ ಮರಳು ಹತ್ತಿಸಿಕೊಂಡು ಬಂದು ಒದರಿದ ಅಳಿಲು, ಅದರ ಬೆನ್ನು ಸವರಿದ ರಾಮನ ಮೂರು ಬೆರಳು. ವಾಲ್ಮೀಕಿಯಲ್ಲಿ ಇಲ್ಲದ, ಜನರ ಬಾಯಲ್ಲಿ ಬೆಳೆದ ಈ ಕತೆಯಿಂದಲೇ ‘ಅಳಿಲು ಸೇವೆ’ ಎಂಬ ಮಾತು ಕನ್ನಡಕ್ಕೆ ಬಂದಿತು. ಮೂರು ಪಟ್ಟೆಯ ಈ ಅಳಿಲು ವಾಸಿಸುವುದು ವಿಂಧ್ಯದ ದಕ್ಷಿಣಕ್ಕೂ ಶ್ರೀಲಂಕೆಯಲ್ಲೂ, ಅಂದರೆ ಸೇತುವೆಯ ಎರಡು ದಡಗಳಲ್ಲೂ. ಉತ್ತರ ಭಾರತದಲ್ಲಿ ಹೆಚ್ಚಾಗಿರುವ ಅಳಿಲಿನ ಬೆನ್ನ ಮೇಲೆ ಐದು ಪಟ್ಟೆ. ಅಲ್ಲಿ ಈ ಕತೆ ಹೇಳುವವರು ಬೆರಳನ್ನು ಹೇಗೆ ಎಣಿಸುತ್ತಾರೋ!

ಅದೇ ಗಣದ ಇಲಿಗೆ ದೊರೆತ ಪಾಲು ಬೇರೆ. ಗಣಪತಿಯ ಪಾದದ ಬಳಿ ಕುಳಿತಾಗ ಮಾತ್ರ ಅದು ಪೂಜ್ಯ. ಅಲ್ಲಿಂದ ಇಳಿದರೆ ಬೋನು, ಪಾಷಾಣ. ಈ ದ್ವೇಷಕ್ಕೆ ಕಾರಣವಿಲ್ಲದೆ ಇಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂಬುದನ್ನು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಹಿಡಿದುದೂ ಅದೇ ವರ್ಷ. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು. ಆಗತಾನೆ ನಕ್ಷೆ ಬಿಡಿಸಿದ್ದ ಬಸವನಗುಡಿ, ಮಲ್ಲೇಶ್ವರಗಳು ಬೇಗಬೇಗನೆ ತುಂಬಿದುವು. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆ, ಮನೆಯ ಸುತ್ತ ತೋಟ ಎಂಬ ಬಸವನಗುಡಿಯ ಆದರ್ಶವೇ ಅರ್ಧ ಶತಮಾನದ ಮೇಲೆ ದಕ್ಷಿಣಕ್ಕೆ ಹರಿದು ಜಯನಗರವಾಯಿತು; ಅನಂತರ ಬನಶಂಕರಿ, ಜೆ. ಪಿ. ನಗರಗಳಾದುವು. ಒಂದು ದಂಶಕದ ಭಯದಿಂದ ಹುಟ್ಟಿದ ತೋಟದ ಮನೆಗಳಲ್ಲಿ ಮತ್ತೊಂದು ದಂಶಕ ನೆಮ್ಮದಿಯಾಗಿ ಗೂಡು ಕಟ್ಟಿತು.

ಕಾನೂನು ಕೂಡ ಈ ಒಲವು ಹಗೆಗಳನ್ನೇ ಅನುಸರಿಸಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಲಿಗಳನ್ನು ಐದನೆಯ ಅನುಸೂಚಿಯಲ್ಲಿ, ಕಾಗೆ ಮತ್ತು ಹಣ್ಣು ತಿನ್ನುವ ಬಾವಲಿಗಳ ಜೊತೆಗೆ, ಕ್ಷುದ್ರಪ್ರಾಣಿಗಳೆಂದು ಬರೆಯಿತು. ಐದು ಪಟ್ಟೆಯ ಅಳಿಲನ್ನು ರಕ್ಷಣೆಯುಳ್ಳ ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಒಂದೇ ಗಣ, ಎರಡು ನ್ಯಾಯ. ೨೦೨೨ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿ, ಆ ಐದನೆಯದನ್ನು ಕೈಬಿಟ್ಟರು. ಸಸ್ಯಗಳಿಗಾದರೆ ಮೊದಲಿಗೆ ಅನುಸೂಚಿಯೇ ಇರಲಿಲ್ಲ. ೧೯೯೧ರಲ್ಲಿ ಸೇರಿಸಿದ ಆರನೆಯ ಅನುಸೂಚಿಯಲ್ಲಿ ಆರು ಬಗೆಯ ಸಸ್ಯಗಳು ಮಾತ್ರ ಇದ್ದುವು: ಸೀತಾಳೆಯ ಜಾತಿಯವು, ಹೂಜಿಗಿಡ ಮೊದಲಾದುವು. ಅವುಗಳಲ್ಲಿ ಒಂದೂ ಹಾವಸೆಯಲ್ಲ.

ಕಾನೂನಿಗಿಂತ ಹೆಚ್ಚು ಮಾತಿಗೆ ಸಿಕ್ಕುವುದು ಕೆಂಪು ಪಟ್ಟಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ೧೯೪೮ರಲ್ಲಿ. ಜಯನಗರಕ್ಕೂ ಅದಕ್ಕೂ ಒಂದೇ ವಯಸ್ಸು. ೧೯೬೪ರಿಂದ ಆ ಸಂಸ್ಥೆ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನು ಇಡುತ್ತ ಬಂದಿದೆ. ನಿರ್ನಾಮವಾದುವು ಒಂದು ಕೊನೆಗೆ, ಸದ್ಯಕ್ಕೆ ಭಯವಿಲ್ಲದವು ಇನ್ನೊಂದು ಕೊನೆಗೆ, ನಡುವೆ ಅಪಾಯದ ಹಲವು ಮೆಟ್ಟಿಲುಗಳು. ಇವುಗಳಾಚೆಗೆ ‘ಮಾಹಿತಿ ಸಾಲದು’, ‘ಪರಿಶೀಲಿಸಿಲ್ಲ’ ಎಂಬ ಎರಡು ಕಟ್ಟುಗಳೂ ಉಂಟು. ೨೦೦೮ರ ಹೊತ್ತಿಗೆ ಜಗತ್ತಿನಲ್ಲಿ ತಿಳಿದಿದ್ದ ಸಸ್ತನಿಗಳೆಲ್ಲವನ್ನೂ ಪರಿಶೀಲಿಸಿ ಮುಗಿಸಿದರು. ಸುಮಾರು ನಾಲ್ಕರಲ್ಲಿ ಒಂದು ಅಪಾಯದಲ್ಲಿದೆಯೆಂದು ಕಂಡಿತು. ಕೊಡಗು ಮೊದಲಾದ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮರದ ಪೊಟರೆಯೊಳಗೆ ವಾಸಿಸುವ, ಬೆನ್ನ ಮೇಲೆ ಮುಳ್ಳುಗೂದಲೂ ಬಾಲದಲ್ಲಿ ಕುಚ್ಚೂ ಇರುವ ಒಂದು ಸಣ್ಣ ದಂಶಕವು ಅಪಾಯಕ್ಕೆ ಈಡಾಗತಕ್ಕವುಗಳ ಸಾಲಿನಲ್ಲಿದೆ. ಬೆಂಗಳೂರಿನ ಅಳಿಲು ಭಯವಿಲ್ಲದ ಸಾಲಿನಲ್ಲಿದೆ. ಹಾವಸೆಗಳ ಸ್ಥಿತಿ ಏನು? ೧೨,೦೦೦ದಲ್ಲಿ ಜಾಗತಿಕ ಪಟ್ಟಿಗಾಗಿ ಪರಿಶೀಲಿಸಿದ್ದು ಅತ್ಯಲ್ಪ ಭಾಗ. ಯೂರೋಪಿನಲ್ಲಿ ಮಾತ್ರ, ನೋಡಬಲ್ಲವರು ಇರುವುದರಿಂದ, ಆ ಖಂಡದ ಹಾವಸೆಗಳನ್ನೂ ಅವುಗಳ ಹತ್ತಿರದ ಬಂಧುಗಳನ್ನೂ ಎಣಿಸಿ ೨೦೧೯ರಲ್ಲಿ ವರದಿ ಕೊಟ್ಟರು. ಐದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಅಪಾಯದಲ್ಲಿದ್ದುವು. ಯಾರೂ ಪರೀಕ್ಷೆ ಮಾಡದಿರುವ ರೋಗಿಯನ್ನು ಆರೋಗ್ಯವಂತನೆಂದು ತಿಳಿಯುವುದು ಎಂಥ ತಪ್ಪೋ, ಪಟ್ಟಿಯಲ್ಲಿ ಹೆಸರಿಲ್ಲದ ಹಾವಸೆ ಕ್ಷೇಮವಾಗಿದೆಯೆಂದು ತಿಳಿಯುವುದೂ ಅಂಥದೇ ತಪ್ಪು.

ಅಳಿಲಿನ ವಿಷಯದಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು. ಅದಕ್ಕೆ ಭಾಷಾಂತರವೂ ಸ್ವಲ್ಪ ಹೊಣೆ. ಭಯವಿಲ್ಲದ ಆ ಸಾಲಿಗೆ ಕನ್ನಡದಲ್ಲಿ ‘ಕನಿಷ್ಠ ಕಾಳಜಿ’ ಎಂಬ ಮಾತು ಬಳಕೆಗೆ ಬಂದಿದೆ. ಮೂಲದಲ್ಲಿ ಆತಂಕವೆಂಬ ಅರ್ಥದಲ್ಲಿ ಬಂದುದು ಕನ್ನಡದಲ್ಲಿ ಆರೈಕೆಯ ಅರ್ಥವನ್ನು ತಾಳಿತು. ಓದಿದವರಿಗೆ, ಈ ಪ್ರಾಣಿಯ ಮೇಲೆ ಕಾಳಜಿ ತೀರ ಕಡಮೆಯಾದರೂ ಸಾಕು ಎಂದು ತೋರುತ್ತದೆ. ‘ಸದ್ಯಕ್ಕೆ ಆತಂಕವಿಲ್ಲ’ ಎಂದಿದ್ದರೆ ಮಾತು ಸರಿಹೋಗುತ್ತಿತ್ತು. ಆ ‘ಸದ್ಯಕ್ಕೆ’ ಎಂಬುದಂತೂ ಇರಲೇಬೇಕಾದ ಪದ. ಏಕೆಂದರೆ ಬಿಳಿಬೆನ್ನಿನ ರಣಹದ್ದು ೧೯೮೦ರ ದಶಕದಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಸಾಮಾನ್ಯವಾದ ದೊಡ್ಡ ಬೇಟೆಹಕ್ಕಿಗಳಲ್ಲಿ ಒಂದೆನಿಸಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆಗೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸಿತು. ೨೦೦೦ದ ವೇಳೆಗೆ ಆ ಹಕ್ಕಿ ಪಟ್ಟಿಯ ತೀವ್ರ ಅಪಾಯದ ಸಾಲಿಗೆ ಹೋಗಿ ನಿಂತಿತು. ಪಶುಗಳಿಗೆ ಆ ಔಷಧಿಯನ್ನು ಭಾರತ ನಿಷೇಧಿಸಿದ್ದು ೨೦೦೬ರಲ್ಲಿ. ಬೆಂಗಳೂರಿಗೆ ಹತ್ತಿರದಲ್ಲಿಯೇ ಇರುವ ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಸಾರಬೇಕಾಗಿ ಬಂತು. ಸಾಮಾನ್ಯವಾದುದು ಅಪರೂಪವಾಗಲು ಒಂದು ತಲೆಮಾರು ಕೂಡ ಹಿಡಿಯಲಿಲ್ಲ.

ಇನ್ನೊಂದು ಮಾತೂ ಇದೆ. ಕೆಂಪು ಪಟ್ಟಿ ಎಣಿಸುವುದು ಲೋಕದಲ್ಲಿ ಆ ಪ್ರಭೇದ ಉಳಿದೀತೇ ಎಂಬುದನ್ನು. ಒಂದು ಊರಿನಲ್ಲಿ, ಒಂದು ಬೀದಿಯಲ್ಲಿ ಉಳಿದೀತೇ ಎಂಬುದನ್ನಲ್ಲ. ಗುಬ್ಬಚ್ಚಿ ಇಂದಿಗೂ ಆ ಪಟ್ಟಿಯ ಭಯವಿಲ್ಲದ ಸಾಲಿನಲ್ಲಿಯೇ ಇದೆ. ಆದರೆ ಬೆಂಗಳೂರಿನ ಒಳಬಡಾವಣೆಗಳ ಮಕ್ಕಳಿಗೆ ಗುಬ್ಬಚ್ಚಿಯನ್ನು ತೋರಿಸಬೇಕಾದರೆ ಚಿತ್ರದ ಪುಸ್ತಕ ತೆರೆಯಬೇಕು. ಪಟ್ಟಿ ಸುಳ್ಳು ಹೇಳಿಲ್ಲ; ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ.

ಜಯನಗರದ ಗೋಡೆಗೂ ಇದೇ ಮಾತು ಸಲ್ಲುತ್ತದೆ. ಹಳೆಯ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಏಳಿಸುವಾಗ ಮೊದಲು ಹೋಗುವುದು ತೆಂಗು, ಮಾವು. ಅವುಗಳೊಡನೆ ಅಳಿಲಿನ ಗೂಡು. ಆಮೇಲೆ ಗೋಡೆ. ಹೊಸ ಗೋಡೆಗೆ ನುಣುಪಾದ ಗ್ರಾನೈಟ್ ಹಲಗೆ ಹೊದಿಸುತ್ತಾರೆ. ಗಾರೆಯ ಬಿರುಕಿನಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತಿದ್ದ ಹಾವಸೆಗೆ ಆ ಕಲ್ಲಿನ ಮೇಲೆ ಹಿಡಿತವಿಲ್ಲ. ಅದೇ ಊರಿನ ಲಾಲ್‌ಬಾಗಿನ ಬಂಡೆ ಸುಮಾರು ೩೦೦ ಕೋಟಿ ವರ್ಷದ್ದು. ಅದರ ಬಿರುಕುಗಳಲ್ಲಿ, ಬನಶಂಕರಿಯಾಚೆಯ ತುರಹಳ್ಳಿಯ ಗುಡ್ಡಗಳಲ್ಲಿ ಮಳೆಗಾಲ ಬಂತೆಂದರೆ ಹಾವಸೆ ತಲೆಯೆತ್ತುತ್ತದೆ. ಧೂಳನ್ನು ಹಿಡಿದು ಮಣ್ಣು ಮಾಡುತ್ತದೆ. ಆ ಮಣ್ಣಿನಲ್ಲಿ ಹುಲ್ಲು ಬೇರೂರುತ್ತದೆ. ಅಷ್ಟು ಹಳೆಯ ಬಂಡೆಯಲ್ಲಿ ಮನೆ ಮಾಡಿಕೊಂಡ ಗಿಡಕ್ಕೆ ಮೆರುಗು ಕೊಟ್ಟ ಹಲಗೆಯ ಮೇಲೆ ಕಾಲೂರಲು ಆಗುವುದಿಲ್ಲ.

ಹಾವಸೆಯಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಬೇರಿಲ್ಲದ ಈ ಗಿಡ ನೀರನ್ನೂ ಲವಣಗಳನ್ನೂ ಎಲೆಯ ಮೈಯಿಂದಲೇ ಹೀರುತ್ತದೆ. ಗಾಳಿಯಲ್ಲಿ ತೇಲಿಬರುವ ಸೀಸ ಮೊದಲಾದ ಲೋಹಗಳೂ ಹಾಗೆಯೇ ಒಳಸೇರುತ್ತವೆ. ಇದನ್ನು ಗಮನಿಸಿ ಸ್ವೀಡನ್ ಮೊದಲಾದ ದೇಶಗಳಲ್ಲಿ ೧೯೬೦ರ ದಶಕದ ಕೊನೆಯಿಂದ ಹಾವಸೆಯನ್ನು ಪರೀಕ್ಷಿಸಿ ಗಾಳಿಯ ಕೊಳೆಯನ್ನು ಅಳೆಯುತ್ತಿದ್ದಾರೆ. ವಾಹನಗಳ ಹೊಗೆಯಲ್ಲಿ ಮುಳುಗಿರುವ ಬಿ. ಟಿ. ಎಂ. ಬಡಾವಣೆಯ ರಸ್ತೆಯಲ್ಲಿ, ಖರ್ಚಿಲ್ಲದೆ ಹಗಲಿರುಳು ದುಡಿಯುವ ಅಂಥ ಮಾಪಕವನ್ನು ಜನ ಬ್ಲೀಚಿಂಗ್ ಪುಡಿ ಹಾಕಿ ಕೊಲ್ಲುತ್ತಾರೆ.

ಹಾಗೆಂದು ಮೆಟ್ಟಿಲ ಮೇಲಿನ ಹಾವಸೆಯನ್ನೂ ಕಾಪಾಡಬೇಕೆಂದರೆ ಅದು ಅವಿವೇಕ. ಅದರ ಮೇಲೆ ಜಾರಿ ಸೊಂಟ ಮುರಿದುಕೊಂಡ ವೃದ್ಧರು ಬೇಕಾದಷ್ಟು ಮಂದಿ. ಇಲಿಜ್ವರದ ಕಾಲದಲ್ಲಿ ಇಲಿಯ ಮೇಲೆ ದಯೆ ತೋರಬೇಕೆಂದು ಹೇಳುವುದೂ ಹಾಗೆಯೇ. ಓಡಾಡುವ ಜಾಗವನ್ನು ಉಜ್ಜಲಿ, ಉಗ್ರಾಣವನ್ನು ಭದ್ರಪಡಿಸಲಿ. ಯಾರೂ ಕಾಲಿಡದ ಗೋಡೆಯ ಬಡಗಣ ಮಗ್ಗುಲನ್ನು ಕೆರೆಯುವುದಕ್ಕೆ ಮಾತ್ರ ಅಂಥ ಕಾರಣ ಯಾವುದೂ ಇಲ್ಲ. ಅಲ್ಲಿ ನಡೆಯುವುದು ಕೇವಲ ಅಭ್ಯಾಸ.

ಊರಿನ ಲೆಕ್ಕವನ್ನು ಊರೇ ಇಡಬೇಕೆಂಬ ಯೋಚನೆ ಹೊಸದಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ಸಮಿತಿಯನ್ನು ರಚಿಸಿ, ತನ್ನ ಎಲ್ಲೆಯೊಳಗಿನ ಜೀವಿಗಳ ದಾಖಲೆಯನ್ನು ಜನರ ನೆರವಿನಿಂದ ಬರೆದಿಡಬೇಕು. ಇಂಥ ಜನತಾ ದಾಖಲೆಯ ಕಲ್ಪನೆಯನ್ನು ರೂಪಿಸಿದವರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಮುಖ್ಯರು. ದಾಖಲೆಯೆಂದೊಡನೆ ಕಾಡು, ಹಳ್ಳಿ, ಔಷಧಿಯ ಮೂಲಿಕೆ ಎಂದು ತಿಳಿಯುವುದು ರೂಢಿ. ಆದರೆ ಆ ಕಾಯಿದೆಯ ‘ಸ್ಥಳೀಯ ಸಂಸ್ಥೆ’ ಎಂಬ ಮಾತು ನಗರಕ್ಕೂ ಅನ್ವಯಿಸುತ್ತದೆ. ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಲ್ಲಿನ ನಿವಾಸಿಗಳೇ ನಿಂತು ಉಳಿಸಿಕೊಂಡುದನ್ನು ಕಂಡವರಿಗೆ, ಪಟ್ಟಣದ ಜನಕ್ಕೆ ಇಂಥ ಕೆಲಸ ಹೊಂದದು ಎಂದು ಹೇಳಲು ಬಾಯಿ ಬಾರದು. ಕೆರೆಗೆ ದೊರೆತ ಗಮನ ಗೋಡೆಗೆ ದೊರೆಯದಿರಲು ಕಾರಣ ಒಂದೇ: ಕೆರೆಯ ಹಕ್ಕಿ ದೂರದಿಂದ ಕಾಣುತ್ತದೆ, ಹಾವಸೆಯನ್ನು ನೋಡಲು ಬಾಗಬೇಕು.

ಈ ಬಾಗುವ ಕೆಲಸಕ್ಕೆ ಪಂಡಿತರಿಗಾಗಿ ಕಾಯಬೇಕಾಗಿಲ್ಲ. ಪ್ರಭೇದದ ಹೆಸರು ಕೂಡಲೇ ತಿಳಿಯದಿದ್ದರೂ ಚಿಂತೆಯಿಲ್ಲ. ಇಂಥ ಅಡ್ಡರಸ್ತೆಯ ಇಂಥ ಗೋಡೆಯಲ್ಲಿ ಹಾವಸೆಯಿದೆ, ಇಂಥ ದಿನದ ಮಳೆಗೆ ಹಸುರಾಯಿತು, ಕಡ್ಡಿಯೂ ಕೋಶವೂ ಇಂಥ ವಾರ ಕಾಣಿಸಿದುವು, ಆ ಗೋಡೆಯ ಮೇಲೆ ಓಡಾಡುವ ಅಳಿಲುಗಳು ಇಷ್ಟು, ಅವು ಇಳಿದುಬರುವುದು ಇಂಥ ಮರದಿಂದ ಎಂದು ಬರೆದರೆ ಸಾಕು. ಐದು ವರ್ಷ ಹೀಗೆ ಬರೆದ ಪುಸ್ತಕವೊಂದು ಯಾವ ಜಾಗತಿಕ ಪಟ್ಟಿಯಲ್ಲೂ ಇಲ್ಲದ ಸಂಗತಿಯನ್ನು ಹೇಳುತ್ತದೆ. ಆ ಬಡಾವಣೆಗಳ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಇದಕ್ಕೆ ಬೇಕಾದುದು ಒಂದು ಮಸೂರ, ಒಂದು ಸೀಸದಕಡ್ಡಿ, ಒಂದು ನೋಟುಪುಸ್ತಕ. ಮೊದಲುಮಾಡಲು ತಕ್ಕ ಕಾಲ ಜೂನ್ ತಿಂಗಳು. ಬೇಸಿಗೆಯ ಉದ್ದಕ್ಕೂ ಕಂದಾಗಿ, ಸತ್ತಂತೆ ಸುರುಟಿ ಬಿದ್ದಿದ್ದ ಗೋಡೆಯ ಹಾವಸೆ ಆ ಹೊತ್ತಿಗೆ ಎಲೆ ಬಿಚ್ಚಿಕೊಂಡಿರುತ್ತದೆ. ಅಳಿಲು ಎಂದಿನಂತೆ ಅದರ ಮೇಲೆಯೇ ಓಡಾಡುತ್ತಿರುತ್ತದೆ.